ಮಲಿಕ್ ಅಂಬರನ ವೇಷದಲ್ಲಿ ಸೆನೆಗಲ್‌ನ ಛಾಯಾಗ್ರಾಹಕ: ಫುಟ್‌ಬಾಲ್ ಏಕೆ?

ಪ್ರಶ್ನೆ

ಡಾಕರ್ ನಗರದ ಛಾಯಾಗ್ರಾಹಕ ಒಮರ್ ವಿಕ್ಟರ್ ಡಿಯೊಪ್ ಅವರ ‘ಪ್ರಾಜೆಕ್ಟ್ ಡಯಾಸ್ಪೊರಾ’ (2014) ಚಿತ್ರಮಾಲೆಯನ್ನು ಈಚೆಗೆ ನೋಡಿದೆ. ಆಫ್ರಿಕಾದಿಂದ ಹೊರಗೆ ಹೋಗಿ ಹೆಸರು ಮಾಡಿದವರ ವೇಷವನ್ನು ತಾವೇ ಧರಿಸಿ, ಹಳೆಯ ವರ್ಣಚಿತ್ರಗಳ ಭಂಗಿಯಲ್ಲಿ ನಿಂತು ಅವರು ತೆಗೆದುಕೊಂಡ ಚಿತ್ರಗಳಿವು. ಶಾಲೆಯಲ್ಲಿ ಒಂದೆರಡು ಸಾಲು ಓದಿ ಮರೆತಿದ್ದ, ಆಫ್ರಿಕಾದಿಂದ ಬಂದು ದಖ್ಖನಿನಲ್ಲಿ ಆಳಿದ ಮಲಿಕ್ ಅಂಬರ್ (1548–1626) ಅಲ್ಲಿ ಎದುರಾದಾಗ ಮೈ ಜುಮ್ಮೆಂದಿತು. ಆದರೆ ಚೆಂಡು, ಕೈಗವಸು, ರೆಫರಿಯ ಸೀಟಿ ಮುಂತಾದ ಫುಟ್‌ಬಾಲ್ ಸಾಮಗ್ರಿಗಳು ಈ ಚಿತ್ರಗಳಲ್ಲಿ ಏಕೆ? ಆ ಹಿರಿಯರ ಘನತೆಗೆ ಇದರಿಂದ ಕುಂದು ಬರುವುದಿಲ್ಲವೇ?

ಉತ್ತರ 1

ಕುಂದು ಬರುವುದಿಲ್ಲವೆಂದೇ ನನ್ನ ಅಭಿಪ್ರಾಯ. ಸ್ಪೇನಿನ ಮಾಲಗಾದಲ್ಲಿ ಉಳಿದಿದ್ದಾಗ ಡಿಯೊಪ್ ಈ ಕೆಲಸ ಆರಂಭಿಸಿದರು. ಯುರೋಪಿನ ಕ್ಲಬ್ಬುಗಳಲ್ಲಿ ಆಡುವ ಆಫ್ರಿಕಾದ ಆಟಗಾರನನ್ನು ಗೋಲು ಹೊಡೆದ ದಿನ ಹೆಗಲ ಮೇಲೆ ಹೊತ್ತು ಮೆರೆಸುವ ಊರೇ, ಸೋತ ದಿನ ಅವನ ಮೈಬಣ್ಣ ಹಿಡಿದು ಹೀಯಾಳಿಸುತ್ತದೆ. ಚಿತ್ರದಲ್ಲಿರುವವರೂ ಇದೇ ಇಬ್ಬಂದಿಯಲ್ಲಿ ಬದುಕಿದವರು. ಜಾನ್ ಬ್ಯಾಪ್ಟಿಸ್ಟ್ ಬೆಲೆ ಎಂಬಾತನನ್ನೇ ನೋಡಿ. ಗುಲಾಮನಾಗಿದ್ದ ಆತ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಪ್ಯಾರಿಸ್ಸಿನ ಸಭೆಗೆ ಪ್ರತಿನಿಧಿಯಾಗಿ ಹೋದ. 1794ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ್ದು ಅದೇ ಸಭೆ. ಆದರೆ 1805ರಲ್ಲಿ ಆತ ಸತ್ತದ್ದು ಫ್ರಾನ್ಸಿನ ಸೆರೆಯಲ್ಲಿ. 1797ರಲ್ಲಿ ಫ್ರೆಂಚ್ ಚಿತ್ರಕಾರ ಜಿರೊಡೆ ಬರೆದ ವರ್ಣಚಿತ್ರದಲ್ಲಿ ಬೆಲೆ ಒಬ್ಬ ಬಿಳಿಯ ಚಿಂತಕನ ಅಮೃತಶಿಲೆಯ ಪ್ರತಿಮೆಗೆ ಒರಗಿ ನಿಂತಿದ್ದಾನೆ. ಡಿಯೊಪ್ ಅವರ ಚಿತ್ರದಲ್ಲಿ ಅವನ ಜೊತೆಗಿರುವುದು ಚೆಂಡು. ಆ ಚೆಂಡು ಇರದಿದ್ದರೆ ನಾವು ಚಂದದ ಹಳೆಯ ಉಡುಪನ್ನು ನೋಡಿ ಮುಂದೆ ಸಾಗುತ್ತಿದ್ದೆವು.

ಉತ್ತರ 2

ಇದಕ್ಕೆ ಪಶ್ಚಿಮ ಆಫ್ರಿಕಾದ ಸ್ಟುಡಿಯೊ ಪರಂಪರೆಯನ್ನೂ ಸೇರಿಸಬೇಕು. ಮಾಲಿಯ ಬಮಾಕೊದಲ್ಲಿ ಸೇಡು ಕೇಟಾ 1948ರಲ್ಲಿ ಸ್ಟುಡಿಯೊ ತೆರೆದಾಗ, ತಮ್ಮ ಹಾಸಿಗೆಯ ಮೇಲುಹೊದಿಕೆಯನ್ನೇ ಹಿಂಪರದೆಯಾಗಿ ಕಟ್ಟಿದ್ದರು. ಗಿರಾಕಿಗಳು ಅಲ್ಲಿಯೇ ಇದ್ದ ಕೋಟು, ಕೈಗಡಿಯಾರ, ರೇಡಿಯೊಗಳೊಂದಿಗೆ ತಮಗೆ ಬೇಕಾದಂತೆ ಸಿಂಗರಿಸಿಕೊಂಡು ಕುಳಿತುಕೊಳ್ಳುತ್ತಿದ್ದರು. ತಾನು ಹೇಗೆ ಕಾಣಬೇಕೆಂಬುದನ್ನು ತಾನೇ ನಿರ್ಧರಿಸುವ ಆ ಹಕ್ಕು ಡಿಯೊಪ್ ಅವರಿಗೆ ಅಲ್ಲಿಂದಲೇ ಬಂದದ್ದೆಂದು ನನಗೆ ತೋರುತ್ತದೆ.

ಉತ್ತರ 3

ಅಂಬರನ ವಿಷಯದಲ್ಲಿ ಒಂದು ಮಾತು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ದಖ್ಖನಿಗೆ ಬಂದು, ಅಹಮದ್‌ನಗರದ ನಿಜಾಮಶಾಹಿಯ ಆಡಳಿತವನ್ನೇ ಕೈಗೆ ತೆಗೆದುಕೊಂಡ ಈತನನ್ನು ಜಹಾಂಗೀರನಿಗೆ ಜಯಿಸಲಾಗಲಿಲ್ಲ. ಆ ಸಿಟ್ಟಿಗೆ ಆಸ್ಥಾನದ ಚಿತ್ರಕಾರ ಅಬುಲ್ ಹಸನ್, ಈಟಿಯ ತುದಿಗೆ ಚುಚ್ಚಿದ ಅಂಬರನ ರುಂಡಕ್ಕೆ ಬಾದಶಹನು ಬಾಣ ಹೂಡುತ್ತಿರುವಂತೆ ಬರೆದ. ನಿಜದಲ್ಲಿ ಅಂಬರ್ ಇನ್ನೂ ಹತ್ತು ವರ್ಷ ಬದುಕಿದ್ದ. ಈಟಿಯ ಮೇಲಿನ ಆ ರುಂಡವನ್ನು ನೋಡಿದವರಿಗೆ, ಡಿಯೊಪ್ ಅವರ ಚಿತ್ರದಲ್ಲಿ ಅಂಬರ್ ಮೈದುಂಬಿ ನಿಂತಿರುವುದು ಎಷ್ಟು ದೊಡ್ಡ ಸಂಗತಿಯೆಂದು ಅರ್ಥವಾಗುತ್ತದೆ. ನಮ್ಮ ಬಿಜಾಪುರದ ಚಿತ್ರಕಾರರು ಇಂಥ ಕ್ರೌರ್ಯ ತೋರಲಿಲ್ಲ: ಸುಮಾರು 1645ರ ಚಿತ್ರವೊಂದರಲ್ಲಿ ಮುಹಮ್ಮದ್ ಆದಿಲ್‌ಶಾಹನ ಹಿಂದೆ, ಅದೇ ಆನೆಯ ಮೇಲೆ, ಹಬ್ಶಿ (ಆಫ್ರಿಕಾ ಮೂಲದ) ಮಂತ್ರಿ ಇಖ್ಲಾಸ್ ಖಾನ್ ಕುಳಿತಿದ್ದಾನೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳಲ್ಲಿರುವ ಆಫ್ರಿಕಾ ಮೂಲದ ಸಿದ್ದಿಗಳನ್ನು ಅಂಬರನ ವಂಶಜರೆಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಅವರಲ್ಲಿ ಬಹುಪಾಲು ಜನರ ಹಿರಿಯರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಅವರ ಚಿತ್ರಗಳನ್ನು ಹೊರಗಿನವರು ಬೇಕಾದಷ್ಟು ತೆಗೆದಿದ್ದಾರೆ. ಕ್ಯಾಮೆರಾದ ಹಿಂದೆಯೂ ಮುಂದೆಯೂ ತಾನೇ ನಿಂತ ಸಿದ್ದಿ ಯುವತಿಯೊಬ್ಬಳ ಕೆಲಸ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ.