ಆದಿತ್ಯವಾರ ಲೆಕ್ಕಕ್ಕಿಲ್ಲ

ಆರಾಧನೆ ಮುಗಿಸಿ ಹೋಟೆಲಿನ ಮೂಲೆ ಮೇಜಿನಲ್ಲಿ ಕೂತದ್ದೇ ತಡ, ವಿಲ್ಲಿಯಣ್ಣ ಮೊಬೈಲ್ ತೆಗೆದು ರೀಲ್ಸ್ ನೋಡಲು ಶುರು ಮಾಡಿದ. ಗೋಳಿಬಜೆ ಬಂದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಏ ವಿಲ್ಲಿ," ಅಂದಳು ಗ್ರೇಸಕ್ಕ, "ಬೂದಿ ಬುಧವಾರ ನೀನೊಂದು ಸ್ಟೇಟಸ್ ಹಾಕಿದ್ದಿ ಅಲ್ವಾ? ಈಸ್ಟರಿನ ಮೊದಲಿನ ಲೆಂಟ್ ಉಪವಾಸ ಮುಗಿಯುವವರೆಗೆ ಇನ್‌ಸ್ಟಾಗ್ರಾಮ್ ಬಿಟ್ಟಿದ್ದೇನೆ, ನನಗಾಗಿ ಪ್ರಾರ್ಥಿಸಿ ಅಂತ?"

"ಹೌದಕ್ಕ. 112 ಜನ ನೋಡಿದ್ದಾರೆ."

"ಈಗ ಇದೇನು?"

"ಇವತ್ತು ಆದಿತ್ಯವಾರ."

"ಅದಕ್ಕೆ?"

"ಲೆಕ್ಕ ಹಾಕು. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ 46 ದಿನ. ಲೆಂಟ್ ಎಷ್ಟು ದಿನ? 40. ಉಳಿದ ಆರು ಎಲ್ಲಿ ಹೋದವು? ಆರು ಆದಿತ್ಯವಾರ. ಅವು ಲೆಕ್ಕಕ್ಕಿಲ್ಲ. ಇದು ನಾನು ಮಾಡಿದ ಲೆಕ್ಕ ಅಲ್ಲ ಮಾರಾಯ್ತಿ, ಚರ್ಚಿನ ಲೆಕ್ಕ."

ಜೋಯಲ್ ಬನ್ಸ್ ಮುರಿಯುತ್ತಾ ಹೇಳಿದ: "ವಾರದ ದಿನ ಅಂಕಲ್ ನನ್ನ ಮೊಬೈಲಿನಲ್ಲಿ ನೋಡ್ತಾರೆ. ಕೈಯಲ್ಲಿ ಮುಟ್ಟುವುದಿಲ್ಲ. ನಾನು ಹಿಡ್ಕೊಂಡು ಮೇಲೆ ತಳ್ತಾ ಇರಬೇಕು. ಶನಿವಾರ ಒಳ್ಳೊಳ್ಳೆ ರೀಲ್ಸ್ ಎಲ್ಲ ಹುಡುಕಿ ಕಳಿಸಬೇಕು, ಮರುದಿನಕ್ಕೆ."

"ಬೈಬಲಿನಲ್ಲಿ ಆಕಾಶದಿಂದ ಬಿದ್ದ ಮನ್ನ ರೊಟ್ಟಿಯ ಹಾಗೆ," ಅಂದ ವಿಲ್ಲಿಯಣ್ಣ. ನಾಚಿಕೆ ಅಂತೂ ಕಾಣಲಿಲ್ಲ. "ಇಸ್ರಾಯೇಲರು ಆರನೆಯ ದಿನ ಎರಡು ಪಾಲು ಕೂಡಿಸಿಟ್ಟುಕೊಳ್ಳುತ್ತಿರಲಿಲ್ಲವಾ?"

"ಬೇರೆ ದಿನ ಎತ್ತಿಟ್ಟದ್ದಕ್ಕೆ ಹುಳ ಬಿದ್ದಿತ್ತು, ಅದೂ ಓದಿದ್ದಿಯಾ?"

"ಏಳನೆಯ ದಿನಕ್ಕೆ, ಸಬ್ಬತ್ತಿಗೆ, ಇಟ್ಟದ್ದಕ್ಕೆ ಬೀಳಲಿಲ್ಲ. ಓದಿಯೇ ಮಾತಾಡುತ್ತಿರುವುದು."

ಗ್ರೇಸಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕ್ವಾಯರ್‌ನಲ್ಲಿ ಮೂವತ್ತು ವರ್ಷದಿಂದ ಹಾಡುವವಳು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಅವಳಿಗೆ ಗೊತ್ತು. "ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ, ಯಾರಿಗೂ ಗೊತ್ತಾಗಬಾರದು ಅಂತ ಯೇಸುಸ್ವಾಮಿ ಹೇಳಿದ್ದು. ನೀನು 112 ಜನರಿಗೆ ಹೇಳಿದ್ದಿ. ಎಣ್ಣೆ ಹಚ್ಚುವಷ್ಟು ಕೂದಲಿಲ್ಲ, ಅದೊಂದು ಒಪ್ಪುತ್ತೇನೆ."

ಅಷ್ಟರಲ್ಲಿ ಕ್ಯಾಥೊಲಿಕ್ ಲೋಬೊ ಬಂದರು. ಅವರ ಪೂಜೆ ಬೇಗ ಮುಗಿಯುತ್ತದೆ, ಆದರೆ ಮೀನು ಮಾರ್ಕೆಟಿಗೆ ಹೋಗಿ ಬರುವಾಗ ತಡ. "ಏನು ನಿಮ್ಮ ಪ್ರೊಟೆಸ್ಟೆಂಟರ ಜಗಳ?"

ಜೋಯಲ್ ಹೇಳಿದ: "ಜಗಳ ಅಲ್ಲ ಅಂಕಲ್. ಯಾರಾದರೂ ಸರಿಯಾಗಿ ಒಂದು ಪಟ್ಟಿ ಕೊಟ್ಟರೆ ಮುಗಿಯಿತು. ಇದು ನೋಡಬಹುದು, ಇದು ಪಾಪ, ಇಷ್ಟು ಸೆಕೆಂಡಿನವರೆಗೆ ಪರವಾಗಿಲ್ಲ. ಈಗ ಸೆನ್ಸಾರಿನವರೂ ಯು/ಎಯನ್ನು 7, 13, 16 ಅಂತ ಮೂರು ಮಾಡಿದ್ದಾರಲ್ಲ. ಹಾಗೆ."

"62 ಅಂತ ಒಂದು ಮಾಡಲಿಕ್ಕಿತ್ತು," ಅಂದಳು ಗ್ರೇಸಕ್ಕ ವಿಲ್ಲಿಯಣ್ಣನ ಕಡೆ ನೋಡಿ.

ಲೋಬೊ ಕುರ್ಚಿ ಎಳೆದುಕೊಂಡರು. "ಪಟ್ಟಿ ಎಲ್ಲ ನಮ್ಮವರು ಮಾಡಿ ಆಗಿದೆ ಮಾರಾಯ. ಅಮೆರಿಕದಲ್ಲಿ, 1930ರ ದಶಕದಲ್ಲಿ. ಸಿನಿಮಾಗಳಿಗೆ ಎ, ಬಿ, ಸಿ ಅಂತ ದರ್ಜೆ. ಸಿ ಅಂದರೆ ನೋಡಲೇಬಾರದು. ನೋಡುವುದಿಲ್ಲ ಅಂತ ಜನ ಇಗರ್ಜಿಯಲ್ಲಿ ಎದ್ದು ನಿಂತು ಪ್ರತಿಜ್ಞೆ ಮಾಡುತ್ತಿದ್ದರು."

"ಒಳ್ಳೆಯದಾಯಿತು. ಹುಡುಗರಿಗೆ ಹುಡುಕುವ ಕಷ್ಟ ತಪ್ಪಿರಬೇಕು," ಅಂದಳು ಗ್ರೇಸಕ್ಕ. "ನಮ್ಮ ಪ್ರಾರ್ಥನಾ ಗುಂಪಿನಲ್ಲೂ 'ಎಚ್ಚರಿಕೆ, ಈ ಹತ್ತು ಸೀರೀಸ್ ನೋಡಬೇಡಿ' ಅಂತ ಫಾರ್ವರ್ಡ್ ಬಂತು. ಅದರಲ್ಲಿ ಎಂಟರ ಹೆಸರು ನಾನು ಕೇಳಿರಲೇ ಇಲ್ಲ."

"ಈಗ?"

"ಎರಡು ನೋಡಿದೆ. ಒಂದು ಬೋರು."

"ನಿಮ್ಮವರೇನು ಕಡಿಮೆಯಾ?" ಲೋಬೊ ಬಿಡಲಿಲ್ಲ. "ಲಂಡನ್ನಿನಲ್ಲಿ 1642ರಲ್ಲಿ ಪ್ಯೂರಿಟನ್ನರು ಅಂತ ಕಟ್ಟಾ ಪ್ರೊಟೆಸ್ಟೆಂಟರು ನಾಟಕ ಮಂದಿರಗಳಿಗೇ ಬೀಗ ಹಾಕಿಸಿದರು. ಹದಿನೆಂಟು ವರ್ಷ. ನಮ್ಮವರು ನೋಡಿ, ಟಿವಿಗೂ ಒಬ್ಬ ಸಂತಳನ್ನು ಕೊಟ್ಟರು. ಅಸ್ಸೀಸಿಯ ಸಂತ ಕ್ಲಾರಾ. ಕಾಯಿಲೆ ಬಿದ್ದು ಪೂಜೆಗೆ ಹೋಗಲಾಗದಿದ್ದಾಗ ಮಲಗಿದಲ್ಲಿಂದಲೇ ಅವಳಿಗೆ ಪೂಜೆಯೆಲ್ಲ ಗೋಡೆಯ ಮೇಲೆ ಕಂಡಿತಂತೆ. ಅದಕ್ಕೆ 1958ರಲ್ಲಿ ಪೋಪರು ಅವಳನ್ನು ಟಿವಿಯ ಪಾಲಕಿ ಅಂತ ಮಾಡಿದರು."

"ಗೋಡೆ ಮೇಲೆ ಲೈವ್!" ಅಂದ ವಿಲ್ಲಿಯಣ್ಣ. "ನಡುವೆ ಜಾಹೀರಾತೂ ಇಲ್ಲ."

"ಸ್ವಾತಂತ್ರ್ಯ ಉಂಟಲ್ಲ ನಮಗೆ," ಅಂದ ಜೋಯಲ್. "ಯೂತ್ ಕ್ಯಾಂಪಿನ ಟೀ ಶರ್ಟಿನಲ್ಲೇ ಇದೆ. ಎಲ್ಲಕ್ಕೂ ಸ್ವಾತಂತ್ರ್ಯವುಂಟು. ಬೈಬಲಿನ ಒಂದನೆಯ ಕೊರಿಂಥ, 10:23."

"ತಿರುಗು ನೋಡುವ."

ಅವನು ತಿರುಗಿದ. ಬೆನ್ನ ಮೇಲೆ ಪ್ರಾಯೋಜಕರ ಹೆಸರು, ಒಂದು ಕೇಟರಿಂಗಿನವರದ್ದು.

"ಆದರೆ ಎಲ್ಲವೂ ಹಿತವಲ್ಲ ಅಂತ ಉಳಿದರ್ಧ ಇಲ್ಲಿ ಬರಬೇಕಿತ್ತು," ಅಂದಳು ಗ್ರೇಸಕ್ಕ. "ಬಿರಿಯಾನಿಯವರು ಜಾಗ ಹೊಡೆದರು. ನೋಡು ಜೋಯಲ್, ಅದನ್ನು ಬರೆದ ಪೌಲನ ತಲೆಬಿಸಿ ಮಾಂಸದ್ದು. ಕೊರಿಂಥದ ಅಂಗಡಿಯ ಮಾಂಸ ಎಷ್ಟೋ ಸಲ ಗುಡಿಯಲ್ಲಿ ಬಲಿ ಕೊಟ್ಟದ್ದೇ ಆಗಿರುತ್ತಿತ್ತು. ತಿನ್ನಬಹುದಾ ಬಾರದಾ? ಅಂಗಡಿಯಲ್ಲಿ ಮಾರುವುದನ್ನು ಸುಮ್ನೆ ತಿನ್ನಿ, ಎಲ್ಲಿಂದ ಬಂತು ಅಂತ ಕೇಳಬೇಡಿ ಅಂದ. ಅಷ್ಟು ಆರಾಮದ ಮನುಷ್ಯ. ಅದೇ ಮನುಷ್ಯ, ನಾನು ತಿನ್ನುವುದರಿಂದ ಪಕ್ಕದವನು ಎಡವಿ ಬೀಳುತ್ತಾನೆ ಅಂತಾದರೆ ಜನ್ಮದಲ್ಲಿ ಮಾಂಸ ಮುಟ್ಟುವುದಿಲ್ಲ ಅಂದ. ಅವನು ಪ್ಲೇಟು ನೋಡುತ್ತಿರಲಿಲ್ಲ, ಪಕ್ಕದವನ ಮುಖ ನೋಡುತ್ತಿದ್ದ."

"ಹಾಗಾದರೆ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಏನೂ ನೋಡಬಹುದು," ವಿಲ್ಲಿಯಣ್ಣ ಖುಷಿಯಾದ.

"ಅದೇ ಮಾರಾಯ ಈಗಿನ ತೊಂದರೆ. ಪಕ್ಕದಲ್ಲಿ ಯಾರಿದ್ದಾರೆ? ಒಬ್ಬೊಬ್ಬನಿಗೆ ಒಂದೊಂದು ಮೊಬೈಲು, ಕಿವಿಗೆ ಬತ್ತಿ. ನಾವು ಮನೆಯವರೆಲ್ಲ ಒಂದೇ ಟಿವಿ ನೋಡುವಾಗ ಹಾಡಿನಲ್ಲಿ ಮಳೆ ಬಂದರೆ ಸಾಕು, ಅಪ್ಪನಿಗೆ ಕೆಮ್ಮು. ಹೀರೋಯಿನ್ ಒದ್ದೆಯಾದರೆ ಅಪ್ಪನಿಗೆ ನೀರು ಬೇಕು. ಲೋಟ ತರಲಿಕ್ಕೆ ಹೋದ ನಾನು ಬರುವಾಗ ಹಾಡು ಮುಗಿದು ಫೈಟಿಂಗ್ ನಡೀತಿತ್ತು. ಹತ್ತು ಜನರ ಕೈಕಾಲು ಮುರಿದರೂ ಅಪ್ಪನಿಗೆ ಬಾಯಾರುತ್ತಿರಲಿಲ್ಲ ಅಂತ ಇಟ್ಟುಕೋ, ಅದು ಬೇರೆ ವಿಷಯ. ಆದರೆ ಕೆಮ್ಮಲಿಕ್ಕೆ ಒಬ್ಬರಿದ್ದರು."

"ನಾನು ಅಂಥದ್ದು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ," ಅಂದ ವಿಲ್ಲಿಯಣ್ಣ.

"ಬೆರಳ ಸಂದಿ ಬಿಟ್ಟು," ಅಂದ ಜೋಯಲ್.

"ಕಣ್ಣು ಮುಚ್ಚಿದವನ ಕತೆ ಗೊತ್ತುಂಟಾ?" ಲೋಬೊ ಶುರು ಮಾಡಿದರು. "ಸಂತ ಅಗಸ್ಟೀನನಿಗೆ ಅಲಿಪಿಯಸ್ ಅಂತ ಒಬ್ಬ ಗೆಳೆಯ. ಮನುಷ್ಯರು ಕತ್ತಿ ಹಿಡಿದು ಹೊಡೆದಾಡುವ ಆಟ ಇತ್ತಲ್ಲ ರೋಮಿನಲ್ಲಿ, ಅದು ಅವನಿಗೆ ಆಗುತ್ತಲೇ ಇರಲಿಲ್ಲ. ಸ್ನೇಹಿತರು ಎಳೆದುಕೊಂಡು ಹೋದರು. ನನ್ನ ಮೈ ತಾನೇ ಅಲ್ಲಿ ಕೂರುವುದು ಅಂತ ಕಣ್ಣು ಬಿಗಿಯಾಗಿ ಮುಚ್ಚಿ ಕೂತ. ಆಟದಲ್ಲಿ ಯಾರೋ ಬಿದ್ದ, ಇಡೀ ಜನ ಹೋ ಅಂತ ಕೂಗಿತು. ಏನಾಯಿತು ನೋಡುವ ಅಂತ ಒಮ್ಮೆ ಕಣ್ಣು ಬಿಟ್ಟ. ಅಷ್ಟೇ. ಆಮೇಲೆ ಅವನೇ ಬೇರೆಯವರನ್ನು ಎಳೆದುಕೊಂಡು ಹೋಗುವಷ್ಟು ಹುಚ್ಚು ಹಿಡಿಯಿತು. ಕಿವಿಯನ್ನೂ ಮುಚ್ಚಿಕೊಳ್ಳಬೇಕಿತ್ತು ಅಂತ ಅಗಸ್ಟೀನ್ ಬರೆದಿದ್ದಾನೆ."

ವಿಲ್ಲಿಯಣ್ಣ ನಕ್ಕ, ಜೋಯಲ್ ನಕ್ಕ. ಗ್ರೇಸಕ್ಕ ನಗಲಿಲ್ಲ. ಚಹಾದ ಲೋಟ ತಿರುಗಿಸುತ್ತಾ ಕೂತಳು.

"ನಮ್ಮ ಅಜ್ಜ ಹೆಂಚಿನ ಕಾರ್ಖಾನೆಯಲ್ಲಿದ್ದವರು," ಅಂದಳು. "ಸಿನಿಮಾ ಇಲ್ಲ, ಇಸ್ಪೀಟಿಲ್ಲ, ಕೋಳಿ ಅಂಕದ ದಾರಿಯಲ್ಲೂ ಹೋದವರಲ್ಲ. ಮಿಶನ್ನಿನ ಕಾಲದ ಶಿಸ್ತು. ಯಕ್ಷಗಾನ ಅಂತೂ ಕೇಳಲೇಬೇಡ, ರಾತ್ರಿಯಿಡೀ ಪುರಾಣ, ದೇವರು, ರಾಕ್ಷಸ. ನಮ್ಮ ಮನೆಯ ಎದುರಿನ ಗದ್ದೆಯಲ್ಲಿ ಪ್ರತಿ ವರ್ಷ ಮೇಳ ಬಂದು ಆಟ ಆಡುತ್ತಿತ್ತು. ನಾವು ಮಕ್ಕಳು ಅಂಗಳಕ್ಕೆ ಇಳಿಯುವ ಹಾಗಿಲ್ಲ. ಅಜ್ಜ ಪ್ರಾರ್ಥನೆ ಮಾಡಿಸಿ, ದೀಪ ಆರಿಸಿ, ಎಲ್ಲರನ್ನೂ ಮಲಗಿಸಿ ತಾನೂ ಮಲಗುತ್ತಿದ್ದರು. ಗದ್ದೆ ಕಡೆಯ ಕಿಟಕಿಯ ಹತ್ತಿರ."

"ನಿದ್ದೆ ಬರುತ್ತಿತ್ತಾ, ಆ ಚೆಂಡೆಯ ಗಲಾಟೆಗೆ?" ಕೇಳಿದ ಜೋಯಲ್.

"ಕಿಟಕಿ ಮುಚ್ಚಲಿಕ್ಕೆ ಅಜ್ಜಿ ಏಳುತ್ತಿದ್ದರು. ಬೇಡ, ಸೆಕೆ ಅನ್ನುತ್ತಿದ್ದರು ಅಜ್ಜ. ಡಿಸೆಂಬರ್ ತಿಂಗಳು. ಕಂಬಳಿ ಕತ್ತಿನವರೆಗೆ ಹೊದ್ದುಕೊಂಡಿದ್ದರು. ಕಂಬಳಿಯ ಒಳಗೆ ಬೆರಳು ಮಂಚದ ಪಟ್ಟಿಗೆ ತಾಳ ಹಾಕುತ್ತಿತ್ತು, ಬೆಳಗಿನ ಜಾವದವರೆಗೆ."