ಸಹಾಯ ಬೇಕು: ಫ್ಲಾಪಿ ಡ್ರೈವ್ ಹಳೆಯ ಡಿಸ್ಕ್‌ಗಳನ್ನು ಓದುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1980ರ ದಶಕದ ಒಂದು ಹೋಮ್ ಕಂಪ್ಯೂಟರ್ ಇದೆ, ಜೊತೆಗೆ 5.25 ಇಂಚಿನ ಫ್ಲಾಪಿ ಡ್ರೈವ್. ಮೋಟರ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಡಿಸ್ಕ್ ಓದುವ-ಬರೆಯುವ ಹೆಡ್ ಕೂಡ ಹಿಂದೆ ಮುಂದೆ ಓಡಾಡುತ್ತದೆ. ಆದರೆ ಹಳೆಯ ಡಿಸ್ಕ್ ಹಾಕಿದರೆ ರೀಡ್ ಎರರ್. ಇದೇ ಡ್ರೈವ್‌ನಲ್ಲಿ ಈಗ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಮಾತ್ರ ಚೆನ್ನಾಗಿ ಓದುತ್ತದೆ, ಬರೆಯುತ್ತದೆ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದ್ದೇನೆ. ಹೆಡ್ ಜಾರುವ ಕಂಬಿಗಳ ಮೇಲಿನ ಒಣಗಿದ ಗ್ರೀಸ್ ತೆಗೆದಿದ್ದೇನೆ. 5 ವೋಲ್ಟ್, 12 ವೋಲ್ಟ್ ಎರಡೂ ಸರಿಯಾಗಿ ಬರುತ್ತಿವೆ. ವೇಗವೂ ನಿಮಿಷಕ್ಕೆ 300 ಸುತ್ತಿನ ಹತ್ತಿರವೇ ಇದೆ. ಹಾಗಾಗಿ ನನಗೆ ಅನುಮಾನ ಹೆಡ್ ಅಲೈನ್‌ಮೆಂಟ್ (ಹೆಡ್ ನಿಲ್ಲುವ ಜಾಗದ ಹೊಂದಾಣಿಕೆ) ಮೇಲೆ. ಹೆಡ್ ಸ್ವಲ್ಪ ಸರಿದಿದ್ದರೆ ತಾನು ಬರೆದದ್ದನ್ನು ತಾನು ಓದುತ್ತದೆ, ಬೇರೆ ಡ್ರೈವ್ ಬರೆದದ್ದನ್ನು ಓದುವುದಿಲ್ಲ, ಅಲ್ವಾ?

ಆಸಿಲೋಸ್ಕೋಪ್ (ವಿದ್ಯುತ್ ಸಂಕೇತವನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಇಲ್ಲದೆ ಇದನ್ನು ಸರಿ ಮಾಡಿದವರು ಯಾರಾದರೂ ಇದ್ದೀರಾ? ಹೆಡ್ಡನ್ನು ಸರಿಸುವ ಸ್ಟೆಪ್ಪರ್ ಮೋಟರಿನ ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಬೇಕು ಅಂತ ಗೊತ್ತು. ಈಗಿರುವ ಜಾಗಕ್ಕೆ ಗುರುತು ಹಾಕಿಟ್ಟಿದ್ದೇನೆ. ಆದರೆ ಯಾವ ಕಡೆಗೆ, ಎಷ್ಟು? ಫ್ಯಾಕ್ಟರಿಯಲ್ಲೇ ರೆಕಾರ್ಡ್ ಆದ ಸಾಫ್ಟ್‌ವೇರ್ ಡಿಸ್ಕ್ ಒಂದಿದೆ, ಅದನ್ನು ನೋಡಿಕೊಂಡು ಹೊಂದಿಸಿದರೆ ಸಾಕಾ?

ಹಳೆಯ ಡಿಸ್ಕ್‌ಗಳಲ್ಲಿ ಅಣ್ಣ ಬೇಸಿಕ್ (BASIC) ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳಿವೆ. ಬೇರೆ ಕಾಪಿ ಇಲ್ಲ. ರೈಟ್ ಪ್ರೊಟೆಕ್ಟ್ ಸ್ಟಿಕರ್ ಅಂಟಿಸಿ ಎತ್ತಿಟ್ಟಿದ್ದೇನೆ, ಅವುಗಳ ಮೇಲೆ ಸುಮ್ನೆ ಪ್ರಯೋಗ ಮಾಡಲು ಮನಸ್ಸಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.