ಮಾತು ಬಿಟ್ಟ ಗೆಳೆಯನಿಗೆ ಯಾವ ಹಾಡು ಕಳಿಸೋದು?

ಶಿವಮೊಗ್ಗದಿಂದ ಪ್ರಶ್ನೆ: ಡಿಗ್ರಿ ಮುಗಿದ ಮೇಲೆ ನಮ್ಮ ಗುಂಪು ಚದುರಿದೆ. ಒಬ್ಬ ಗೆಳೆಯ ಸಣ್ಣ ವಿಷಯಕ್ಕೆ ಮಾತು ಬಿಟ್ಟಿದ್ದಾನೆ. ಒಬ್ಬಳು ಗೆಳತಿ ಹೋದ ತಿಂಗಳು ಅಪ್ಪನನ್ನು ಕಳೆದುಕೊಂಡಳು. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಇಬ್ಬರಿಗೂ ಯಾವ ಹಾಡು ಕಳಿಸಲಿ? ನೀವು ಕಳಿಸಿದ್ದು, ನಿಮಗೆ ಬಂದಿದ್ದು ಹೇಳಿ.

ಸಾಗರದಿಂದ: ಮಾತು ಬಿಟ್ಟವನಿಗೆ ಭಾರಿ ಅರ್ಥ ಇರುವ ಹಾಡು ಹುಡುಕಬೇಡಿ ಮಾರಾಯ್ರೆ. ಇಬ್ಬರೂ ಒಟ್ಟಿಗೆ ಕಿರುಚಿದ ಹಾಡು ಸಾಕು. ನಮ್ಮ ಗುಂಪಿಗೆ ಅದು ‘ಆಗುಂಬೆಯ ಪ್ರೇಮ ಸಂಜೆಯ’. ಕಾಲೇಜಲ್ಲಿದ್ದಾಗ ಸೂರ್ಯಾಸ್ತ ನೋಡಲು ಆಗುಂಬೆಗೆ ಹೋಗಿ, ಬರೀ ಮಂಜು ನೋಡಿಕೊಂಡು, ವ್ಯಾನಿನಲ್ಲಿ ಅದನ್ನೇ ಹಾಡುತ್ತಾ ವಾಪಸ್ ಬಂದಿದ್ದೆವು. ಎಷ್ಟೋ ಕಾಲದಿಂದ ಮಾತಿಲ್ಲದ ಒಬ್ಬನಿಗೆ ಆ ಹಾಡು ಕಳಿಸಿದೆ, ಜೊತೆಗೆ ಏನೂ ಬರೆಯಲಿಲ್ಲ. ‘ಇವತ್ತಾದರೂ ಸೂರ್ಯ ಕಂಡನಾ?’ ಅಂತ ಉತ್ತರ ಬಂತು. ಜಗಳದ ಸುದ್ದಿ ಇಬ್ಬರೂ ಎತ್ತಲಿಲ್ಲ.

ಶಿಕಾರಿಪುರದಿಂದ: ನಾನು ಒಪ್ಪುವುದಿಲ್ಲ. ಜಗಳ ಒಳಗೆ ಹಾಗೇ ಉಳಿಯುತ್ತದೆ ಅಲ್ವಾ? ನಮ್ಮ ತಾಲ್ಲೂಕಿನವರೇ ಆದ ಜಿ.ಎಸ್. ಶಿವರುದ್ರಪ್ಪನವರ ‘ಎಲ್ಲೋ ಹುಡುಕಿದೆ ಇಲ್ಲದ ದೇವರ’ ಕಳಿಸಿ. ಮೊದಲ ಸಾಲು ಕೇಳಿ ದೇವರ ಹಾಡು ಅಂದುಕೊಳ್ಳುವವರು ಜಾಸ್ತಿ. ಮುಂದೆ ಕೇಳಿದರೆ ಪೂರಾ ಸ್ನೇಹದ್ದೇ ಮಾತು. ಹತ್ತಿರವಿದ್ದೂ ದೂರ ನಿಲ್ಲುತ್ತೇವೆ, ಹೊಂದಿಕೊಳ್ಳುವುದು ಎಷ್ಟು ಕಷ್ಟ ಅಂತ. ಅಹಂಕಾರದ ಮಾತೂ ಇದೆ. ಆದರೆ ‘ನಮ್ಮ’ ಅಹಮ್ಮು ಅನ್ನುತ್ತಾರೆ, ‘ನಿನ್ನ’ ಅನ್ನುವುದಿಲ್ಲ. ಹಾಗಾಗಿ ಕೇಳಿದವನಿಗೆ ಚುಚ್ಚುವುದಿಲ್ಲ.

ಹೊಸನಗರದಿಂದ: ಗೆಳತಿಯ ವಿಷಯದಲ್ಲಿ ಸ್ವಲ್ಪ ನಿಧಾನ. ಧೈರ್ಯ ಹೇಳಲು ಎಲ್ಲರಿಗೂ ಮೊದಲು ನೆನಪಾಗುವುದು ‘ಬಾಳುವಂಥ ಹೂವೇ’. 1993ರ ‘ಆಕಸ್ಮಿಕ’ ಸಿನಿಮಾದ್ದು. ಪರೀಕ್ಷೆಯಲ್ಲಿ ಫೇಲಾದವರಿಗೆ, ಕೆಲಸ ಹೋದವರಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಅದು ಯಾಕೆ ಬಾಡುತ್ತೀ, ಯಾಕೆ ಅಳುತ್ತೀ ಎಂದು ಕೇಳುವ ಹಾಡು. ಅಪ್ಪ ಹೋಗಿ ತಿಂಗಳಾದವಳನ್ನು ಹಾಗೆ ಕೇಳೋಕಾಗುತ್ತಾ? ನನ್ನ ಅಮ್ಮ ತೀರಿಕೊಂಡಾಗ ಅಂಥ ಹಾಡುಗಳು ಸಾಲುಸಾಲಾಗಿ ಬಂದವು. ಯಾವುದನ್ನೂ ತೆರೆಯಲಿಲ್ಲ. ಒಬ್ಬಳು ಮಾತ್ರ ಅಮ್ಮ ಗುನುಗುತ್ತಿದ್ದ ಭಾವಗೀತೆಯನ್ನು ತಾನೇ ಹಾಡಿ ಕಳಿಸಿದ್ದಳು. ನಡುವೆ ಸಾಲು ಮರೆತು ತಡವರಿಸಿದ್ದೂ ಅದರಲ್ಲೇ ಇತ್ತು. ಅದನ್ನು ಎಷ್ಟು ಸಲ ಕೇಳಿದೆನೋ. ನಿಮ್ಮ ಗೆಳತಿಯ ಅಪ್ಪನಿಗೆ ಯಾವ ಹಾಡು ಇಷ್ಟ ಅಂತ ಗೊತ್ತಾ? ಗೊತ್ತಿಲ್ಲದಿದ್ದರೆ ಅವಳನ್ನೇ ಕೇಳಿ. ಅಷ್ಟು ಕೇಳಿದರೂ ಅವಳು ಮಾತಾಡಬಹುದು.

ತೀರ್ಥಹಳ್ಳಿಯಿಂದ: ಹೊಸನಗರದ ಅಕ್ಕ ಹೇಳಿದ್ದು ಸರಿ. ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡನ್ನು ಪ್ರೇಮಗೀತೆ ಅಂತ ಕಳಿಸುವವರೂ ಇದ್ದಾರೆ. ಮಗು ತೀರಿಕೊಂಡಾಗ ಹೆಂಡತಿಯ ನೋಟ ತಾಳಲಾರದೆ ಬೇಂದ್ರೆ ಬರೆದದ್ದು ಅದು. ಪೂರ್ತಿ ಕೇಳಿ, ಆಮೇಲೆ ಕಳಿಸಿ. ‘ಅನಿಸುತಿದೆ ಯಾಕೋ ಇಂದು’ ಕೂಡ ಗೆಳತಿಗೆ ಸುಮ್ನೆ ಕಳಿಸಬೇಡಿ. ಜಯಂತ ಕಾಯ್ಕಿಣಿ ಅದನ್ನು ಬರೀ ಸ್ನೇಹಕ್ಕೆ ಅಂತ ಬರೆದಿಲ್ಲ! ಮತ್ತೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಯಿತು. ವಿಡಿಯೋ ಸುತ್ತುತ್ತಲೇ ಇರುತ್ತದೆ. ಇಷ್ಟವಾದ ಎರಡು ಸಾಲು ಟೈಪ್ ಮಾಡಿ ಕಳಿಸಿ, ಹೇಗೋ ತಲುಪುತ್ತದೆ.

ಕೊಪ್ಪದಿಂದ: ಯಾವುದನ್ನಾದರೂ ಕಳಿಸಿ, ಸ್ಟೇಟಸ್‌ಗೆ ಮಾತ್ರ ಹಾಕಬೇಡಿ. ಯಾರು ನೋಡಲಿ ಅಂತ ಹಾಕಿರುತ್ತೀರೋ ಅವರು ನೋಡುವುದಿಲ್ಲ. ಅಷ್ಟರಲ್ಲಿ ನಿಮ್ಮ ಚಿಕ್ಕಮ್ಮ ನೋಡಿ, ‘ಏನಾಯ್ತಂತೆ, ಯಾರಂತೆ?’ ಅಂತ ನಿಮ್ಮ ಅಮ್ಮನಿಗೆ ಫೋನ್ ಮಾಡಿರುತ್ತಾರೆ.